14900ಕೆ ಬೇಕಾ, 7950ಎಕ್ಸ್ ಬೇಕಾ? ನನ್ನ ಫೈಲ್ ಹಾಕಿ ನೋಡಿ ಪ್ರೊಸೆಸರ್ ಆರಿಸಿದ ಅನುಭವ

ದಾವಣಗೆರೆಯಲ್ಲಿ ನನ್ನದು ಮದುವೆ ವಿಡಿಯೋ ಕೆಲಸ. ಶೂಟಿಂಗ್, ಎಡಿಟಿಂಗ್ ಎರಡೂ ಮಾಡುತ್ತೇವೆ. ಮುಹೂರ್ತಕ್ಕೆ ಮೂರು ಕ್ಯಾಮೆರಾ ಇರುತ್ತವೆ. ತಾಳಿ ಕಟ್ಟುವ ಆ ಒಂದೆರಡು ನಿಮಿಷವನ್ನು ಮೂರೂ ಕ್ಯಾಮೆರಾದಿಂದ ಒಟ್ಟಿಗೆ ಓಡಿಸಿ, ಎಲ್ಲಿಂದ ಎಲ್ಲಿಗೆ ಕಟ್ ಮಾಡಬೇಕು ಅಂತ ನೋಡಬೇಕು. ನನ್ನ ಹಳೇ ಕಂಪ್ಯೂಟರ್‌ಗೆ ಇದು ಆಗುತ್ತಿರಲಿಲ್ಲ. ಅದರಲ್ಲಿದ್ದದ್ದು ಇಂಟೆಲ್‌ನ ಐ7-8700 ಪ್ರೊಸೆಸರ್, ಆರು ಕೋರ್ (ಕೋರ್ ಅಂದರೆ ಒಳಗೆ ಲೆಕ್ಕ ಮಾಡುವ ಘಟಕ). ಹಿಂದಿನ ವರ್ಷವೇ ಆರ್‌ಟಿಎಕ್ಸ್ 4070 ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದೆ. ಆದರೂ ಅಕ್ಷತೆ ಬೀಳುವ ಹೊತ್ತಿಗೆ ಚಿತ್ರ ನಿಂತು ನಿಂತು ಓಡುತ್ತಿತ್ತು.

2024ರ ಆಷಾಢ ಬಂತು. ಮದುವೆ ಇಲ್ಲದ ತಿಂಗಳು, ಕೈಯಲ್ಲಿ ಸಮಯ ಇತ್ತು. ಹೊಸ ಮಷೀನ್ ಕಟ್ಟಿಸೋಣ ಅಂತ ಕೂತೆ. ಕೊನೆಗೆ ಎರಡು ಪ್ರೊಸೆಸರ್ ಉಳಿದವು. ಒಂದು ಇಂಟೆಲ್‌ನ ಕೋರ್ ಐ9-14900ಕೆ. ಇನ್ನೊಂದು ಎಎಮ್‌ಡಿಯ ರೈಜೆನ್ 9 7950ಎಕ್ಸ್.

ನಿಜ ಹೇಳಬೇಕೆಂದರೆ ಮನಸ್ಸು ಮೊದಲೇ ರೈಜೆನ್ ಕಡೆ ವಾಲಿತ್ತು. ಹದಿನಾರು ಕೋರ್, ಹದಿನಾರೂ ಒಂದೇ ಬಗೆಯವು, 32 ಥ್ರೆಡ್, ಅಂದರೆ ಒಟ್ಟಿಗೆ 32 ಸಾಲಿನಲ್ಲಿ ಕೆಲಸ. ಇಂಟೆಲ್‌ನಲ್ಲಿ 24 ಕೋರ್ ಇದ್ದರೂ ಅದರಲ್ಲಿ ಎಂಟು ಮಾತ್ರ ದೊಡ್ಡವು, ಉಳಿದ ಹದಿನಾರು ಚಿಕ್ಕವು. ಒಟ್ಟು ಥ್ರೆಡ್ ಅಲ್ಲೂ 32. ಕರೆಂಟ್ ವಿಷಯದಲ್ಲೂ ರೈಜೆನ್ ಮೇಲು. ಅದು ಎಷ್ಟೇ ದುಡಿದರೂ 230 ವ್ಯಾಟ್ ದಾಟದಂತೆ ಮಿತಿ ಇದೆ, ಇಕೋ ಮೋಡ್‌ಗೆ ಹಾಕಿದರೆ ಇನ್ನೂ ಇಳಿಯುತ್ತದೆ. 14900ಕೆಯ ಮಿತಿ 253 ವ್ಯಾಟ್. ಅದನ್ನೂ ಎಷ್ಟೋ ಮದರ್‌ಬೋರ್ಡ್‌ಗಳು ಸುಮ್ನೆ ತೆಗೆದುಹಾಕಿ ಕೊಡುತ್ತಿದ್ದವು, ಆಗ 300 ವ್ಯಾಟ್ ದಾಟುತ್ತಿತ್ತು. ಈ ಕರೆಂಟೆಲ್ಲ ಕೊನೆಗೆ ಕೋಣೆಯಲ್ಲಿ ಬಿಸಿಯಾಗಿಯೇ ಉಳಿಯುವುದು. ನನ್ನ ಎಡಿಟಿಂಗ್ ರೂಮಿನಲ್ಲಿ ಎಸಿ ಇಲ್ಲ. ನಮ್ಮೂರಿನ ಏಪ್ರಿಲ್ ಬಿಸಿಲು ಗೊತ್ತಿದ್ದವರಿಗೆ ಇದು ಅರ್ಥವಾಗುತ್ತದೆ. ಯುಪಿಎಸ್ ಕೂಡ ಚಿಕ್ಕದು.

ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಸಾಕೆಟ್ ವಿಷಯವೂ ಇತ್ತು. ರೈಜೆನ್‌ನ ಎಎಮ್5 ಸಾಕೆಟ್‌ಗೆ 2027ರವರೆಗೂ ಹೊಸ ಪ್ರೊಸೆಸರ್ ಕೊಡುತ್ತೇವೆ ಅಂತ ಎಎಮ್‌ಡಿ ಹೇಳಿತ್ತು. ಇಂಟೆಲ್‌ನ ಎಲ್‌ಜಿಎ1700 ಸಾಕೆಟ್‌ಗೆ 14ನೇ ತಲೆಮಾರೇ ಕೊನೆ. ಇದಕ್ಕೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ನಾನು ಮಷೀನ್ ಬದಲಿಸುವುದು ಆರು ವರ್ಷಕ್ಕೊಮ್ಮೆ. ಅಷ್ಟು ಹೊತ್ತಿಗೆ ಬೋರ್ಡು, ರ‍್ಯಾಮ್ ಎಲ್ಲವೂ ಬದಲಾಗಲೇಬೇಕು.

ಹುಬ್ಬಳ್ಳಿಯಲ್ಲಿ ನನ್ನ ಹಳೇ ಗೆಳೆಯನ ಸ್ಟುಡಿಯೋ ಇದೆ. ಅವನ ಹತ್ತಿರ 7950ಎಕ್ಸ್ ಇತ್ತು. ಫೋನ್ ಮಾಡಿ, ಇಂಟರ್‌ನೆಟ್ಟಿನಲ್ಲಿ ಸಿಕ್ಕ ವೇಗದ ಹೋಲಿಕೆಯ ಚಾರ್ಟ್‌ಗಳನ್ನೆಲ್ಲ ಓದಿ ಹೇಳಿದೆ. ಅವನು ಪೂರ್ತಿ ಕೇಳಲೇ ಇಲ್ಲ. "ಯಾರ್ದೋ ಚಾರ್ಟ್ ನೋಡಿ ಏನ್ ಮಾಡ್ತೀಯೋ? ನಿನ್ನ ಕ್ಯಾಮೆರಾದ ಫೈಲ್ ತಗೊಂಡ್ ಬಾ, ಇಲ್ಲೇ ಹಾಕಿ ನೋಡೂಣು" ಅಂದ. ಇಡೀ ಆಯ್ಕೆಯಲ್ಲಿ ನನಗೆ ಸಿಕ್ಕ ಅತ್ಯಂತ ಒಳ್ಳೆಯ ಮಾತು ಅದೇ.

ಒಂದು ಎಸ್‌ಎಸ್‌ಡಿಯಲ್ಲಿ ಒಂದೇ ಮುಹೂರ್ತದ ಮೂರು ಕ್ಲಿಪ್ ಹಾಕಿಕೊಂಡು ಹೋದೆ. ನಮ್ಮದು ಸೋನಿ ಎ7 4 ಕ್ಯಾಮೆರಾ. 4ಕೆ, ಸೆಕೆಂಡಿಗೆ 50 ಫ್ರೇಮ್, ಎಚ್.265 (ವಿಡಿಯೋವನ್ನು ಒತ್ತಿ ಚಿಕ್ಕದು ಮಾಡುವ ಒಂದು ವಿಧಾನ), 10 ಬಿಟ್, 4:2:2. ಸೆಕೆಂಡಿಗೆ 200 ಮೆಗಾಬಿಟ್ ಇಟ್ಟರೆ ಒಂದು ಗಂಟೆಗೆ 90 ಜಿಬಿ ಆಗುತ್ತದೆ.

ಈ 4:2:2 ಅನ್ನುವುದೇ ನನ್ನ ಕಥೆಯ ತಿರುಳು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಿಡಿಯೋ ಫೈಲಿನಲ್ಲಿ ಬೆಳಕು ಬೇರೆ, ಬಣ್ಣ ಬೇರೆ ಉಳಿಯುತ್ತದೆ. ಬೆಳಕಿನ ವಿವರ ಪೂರ್ತಿ ಇರುತ್ತದೆ. ಬಣ್ಣದ ವಿವರವನ್ನು ಮಾತ್ರ ಕಡಿಮೆ ಮಾಡುತ್ತಾರೆ. 4:2:2ರಲ್ಲಿ ಬಣ್ಣ ಅರ್ಧ ಉಳಿಯುತ್ತದೆ, 4:2:0ರಲ್ಲಿ ಕಾಲು ಭಾಗ. ಕೆಂಪು ಧಾರೆ ಸೀರೆ, ಅದರ ಜರಿ ಅಂಚು, ಹಣೆಯ ಕುಂಕುಮ, ಇವುಗಳ ಅಂಚು 4:2:0ರಲ್ಲಿ ಸ್ವಲ್ಪ ಕದಡಿದ ಹಾಗೆ ಕಾಣುತ್ತದೆ. ಕಲರ್ ಗ್ರೇಡಿಂಗ್ ಮಾಡಿದ ಮೇಲೆ ಇನ್ನೂ ಜಾಸ್ತಿ. ಮದುವೆಯಲ್ಲಿ ಇರುವುದೇ ಕೆಂಪು ಬಣ್ಣ, ಅಲ್ವಾ? ಹಾಗಾಗಿ ಅದನ್ನು ಬಿಡಲು ನನಗೆ ಮನಸ್ಸಿಲ್ಲ.

ತೊಂದರೆ ಏನೆಂದರೆ, ಈ ಬಗೆಯ ಎಚ್.265 ಫೈಲನ್ನು ಬಿಡಿಸಿ ತೋರಿಸುವ, ಅಂದರೆ ಡೀಕೋಡ್ ಮಾಡುವ ಹಾರ್ಡ್‌ವೇರ್ ಆರ್‌ಟಿಎಕ್ಸ್ 40 ಸರಣಿಯ ಕಾರ್ಡ್‌ಗಳಲ್ಲಿ ಇರಲಿಲ್ಲ. ರೈಜೆನ್ 7000ದ ಒಳಗಿರುವ ಪುಟ್ಟ ಗ್ರಾಫಿಕ್ಸ್‌ನಲ್ಲೂ ಇಲ್ಲ. 14900ಕೆಯ ಒಳಗಿರುವ ಯುಎಚ್‌ಡಿ 770 ಗ್ರಾಫಿಕ್ಸ್‌ನಲ್ಲಿ ಇದೆ. ಆ ಹಾರ್ಡ್‌ವೇರ್‌ಗೆ ಕ್ವಿಕ್ ಸಿಂಕ್ ಅನ್ನುತ್ತಾರೆ.

ಹುಬ್ಬಳ್ಳಿಯಲ್ಲಿ ಡಾವಿಂಚಿ ರಿಸಾಲ್ವ್ ಸ್ಟುಡಿಯೋ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಹಾಕಿ ನೋಡಿದೆವು. ಒಂದು ಕ್ಲಿಪ್ ಸಲೀಸಾಗಿ ಓಡಿತು. ಹದಿನಾರು ಕೋರ್‌ಗಳ ಬಲ ಅಲ್ಲಿ ಕಾಣಿಸಿತು. ಮೂರನ್ನೂ ಮಲ್ಟಿಕ್ಯಾಮ್‌ನಲ್ಲಿ ಒಟ್ಟಿಗೆ ಹಾಕಿದಾಗ ಪ್ರೊಸೆಸರ್ ಪೂರ್ತಿ ಬಳಕೆಗೆ ಏರಿ, ನಡುನಡುವೆ ಫ್ರೇಮ್ ಬಿಟ್ಟುಹೋಗಲು ಶುರುವಾಯಿತು. ನನ್ನ ಹಳೇ ಮಷೀನ್‌ಗಿಂತ ಎಷ್ಟೋ ವಾಸಿ. ಆದರೆ ಕಟ್ ಎಲ್ಲಿ ಅಂತ ಕಣ್ಣಿಗೆ ಖಚಿತವಾಗುತ್ತಿರಲಿಲ್ಲ.

ಮುಂದಿನ ವಾರ ಬೆಂಗಳೂರಿಗೆ ಹೋದೆ. ಪರಿಚಯದವರೊಬ್ಬರ ಸ್ಟುಡಿಯೋದಲ್ಲಿ 14900ಕೆ ಇತ್ತು. ಅದೇ ಎಸ್‌ಎಸ್‌ಡಿ, ಅದೇ ಮೂರು ಕ್ಲಿಪ್. ಮೂರೂ ಓಡಿದವು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಕೋರ್‌ಗಳು ಆರಾಮಾಗಿದ್ದವು, ಕೆಲಸವೆಲ್ಲ ಒಳಗಿನ ಗ್ರಾಫಿಕ್ಸ್‌ನ ವಿಡಿಯೋ ಡೀಕೋಡ್‌ನಲ್ಲಿ ನಡೆಯುತ್ತಿತ್ತು. ಎಕ್ಸ್‌ಪೋರ್ಟ್ ಹೊತ್ತಿನಲ್ಲಿ ಎರಡು ಮಷೀನ್‌ಗೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಅಲ್ಲಿ ದುಡಿಯುವುದು ಹೆಚ್ಚಾಗಿ ಗ್ರಾಫಿಕ್ಸ್ ಕಾರ್ಡೇ.

ಪ್ರಾಕ್ಸಿ, ಅಂದರೆ ಎಡಿಟಿಂಗ್‌ಗೆ ಹಗುರವಾದ ನಕಲು ಫೈಲ್, ಮಾಡಿಕೊಂಡರೆ ಆಗಲ್ವಾ ಅಂತ ಕೇಳಬಹುದು. ಆಗುತ್ತದೆ, ಆರು ವರ್ಷ ನಾನು ಅದನ್ನೇ ಮಾಡಿದ್ದು. ಆದರೆ ಸೀಸನ್‌ನಲ್ಲಿ ಬೆಳಗ್ಗೆ ಮುಹೂರ್ತ ಮುಗಿದರೆ ಸಂಜೆ ರಿಸೆಪ್ಷನ್‌ಗೆ ಟೀಸರ್ ಕೇಳುತ್ತಾರೆ. ಪ್ರಾಕ್ಸಿ ಆಗಲಿ ಅಂತ ಕಾಯುವ ಹೊತ್ತಿರುವುದಿಲ್ಲ.

ಮನಸ್ಸು ಇಂಟೆಲ್ ಕಡೆ ತಿರುಗಿತು. ಆದರೆ ಆ ಹೊತ್ತಿಗೇ ದೊಡ್ಡ ಸುದ್ದಿ ಓಡುತ್ತಿತ್ತು. 13 ಮತ್ತು 14ನೇ ತಲೆಮಾರಿನ ಇಂಟೆಲ್ ಪ್ರೊಸೆಸರ್‌ಗಳು ಕೆಲವು ತಿಂಗಳು ಬಳಸಿದ ಮೇಲೆ ಕ್ರ್ಯಾಶ್ ಆಗುತ್ತಿವೆ ಅಂತ. ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಮೂಲ ಪ್ರೋಗ್ರಾಂ) ತಪ್ಪಿನಿಂದ ಪ್ರೊಸೆಸರ್ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿದೆ ಅಂತ ಜುಲೈನಲ್ಲಿ ಇಂಟೆಲ್ ಒಪ್ಪಿಕೊಂಡಿತು. ಆಗಸ್ಟ್‌ನಲ್ಲಿ 0ಎಕ್ಸ್129 ಅನ್ನುವ ಹೊಸ ಮೈಕ್ರೋಕೋಡ್ ಬಂತು. ವಾರಂಟಿಯನ್ನೂ ಮೂರು ವರ್ಷದಿಂದ ಐದಕ್ಕೆ ಏರಿಸಿದರು. ಒಮ್ಮೆ ಹಾಳಾದ ಚಿಪ್ಪನ್ನು ಈ ಅಪ್‌ಡೇಟ್ ಸರಿ ಮಾಡುವುದಿಲ್ಲ. ಅಂದರೆ ಸೆಕೆಂಡ್ ಹ್ಯಾಂಡ್ ಮುಟ್ಟಬಾರದು. ಹೊಸದು ತೆಗೆದುಕೊಂಡು, ಕೆಲಸಕ್ಕೆ ಹಚ್ಚುವ ಮೊದಲೇ ಬಯೋಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್, ಹೊಸ ಮೈಕ್ರೋಕೋಡ್ ಬರುವುದು ಇದರ ಜೊತೆಗೇ) ಅಪ್‌ಡೇಟ್ ಮಾಡಬೇಕು. ನಾನು ಆ ಅಪ್‌ಡೇಟ್ ಬರುವವರೆಗೂ ಕಾದೆ. ಶ್ರಾವಣದಲ್ಲಿ ಮದುವೆ ಶುರುವಾದರೂ ಹಳೇ ಮಷೀನ್‌ನಲ್ಲೇ ಎರಡು ವಾರ ತಳ್ಳಿದೆ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಖರೀದಿ ಮಾಡಿದೆ. ಅಂಗಡಿಯವರು, "ಸರ್, ಕೆಎಫ್ ತಗೊಳ್ಳಿ, ಕಾರ್ಡ್ ಹೇಗೂ ಇದೆಯಲ್ಲ, ದುಡ್ಡು ಉಳಿಯುತ್ತೆ" ಅಂದರು. ಆಟ ಆಡುವವರಿಗೆ ಅದು ಸರಿಯಾದ ಸಲಹೆಯೇ. ಆದರೆ 14900ಕೆಎಫ್‌ನಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ, ಅಂದರೆ ಕ್ವಿಕ್ ಸಿಂಕೂ ಇಲ್ಲ. ನಾನು ಇಂಟೆಲ್ ಕೊಳ್ಳುತ್ತಿದ್ದದ್ದೇ ಅದಕ್ಕೋಸ್ಕರ. ರ‍್ಯಾಮ್ 64 ಜಿಬಿ, 32ರ ಎರಡು ಸ್ಟಿಕ್. ಡಿಡಿಆರ್5 ಬಗೆಯ ಈ ರ‍್ಯಾಮ್‌ನಲ್ಲಿ ನಾಲ್ಕು ಸ್ಟಿಕ್ ಹಾಕಿದರೆ ವೇಗ ಬಹಳ ಇಳಿಯುತ್ತದೆ, ಎರಡೂ ಕಂಪನಿಯಲ್ಲಿ ಇದೇ ಕಥೆ.

ಬೋರ್ಡ್ ಆರಿಸುವಾಗ ಹಿಂಭಾಗದಲ್ಲಿ ಬಯೋಸ್ ಫ್ಲ್ಯಾಶ್ ಬಟನ್ ಇರುವುದನ್ನೇ ಕೇಳಿದೆ. ಪೆನ್‌ಡ್ರೈವ್‌ನಲ್ಲಿ ಫೈಲ್ ಹಾಕಿ ಬಟನ್ ಒತ್ತಿದರೆ ಸಾಕು, ಪ್ರೊಸೆಸರ್ ಕೂರಿಸುವ ಮೊದಲೇ ಅಪ್‌ಡೇಟ್ ಆಗುತ್ತದೆ. ಹಾಗೇ ಮಾಡಿದೆವು.

ಮನೆಗೆ ತಂದು ನೋಡಿದರೆ ಮೊದಲ ದಿನ ನಿರಾಸೆ. ಮೂರು ಕ್ಲಿಪ್ ಹಾಕಿದರೆ ಮತ್ತೆ ಅದೇ ತಡವರಿಕೆ. ಒಂದು ಗಂಟೆ ಹುಡುಕಿದ ಮೇಲೆ ಕಾರಣ ಸಿಕ್ಕಿತು. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಎಷ್ಟೋ ಬೋರ್ಡ್‌ಗಳು ಒಳಗಿನ ಗ್ರಾಫಿಕ್ಸನ್ನು ತಾವೇ ಆಫ್ ಮಾಡಿಬಿಡುತ್ತವೆ. ಬಯೋಸ್‌ನಲ್ಲಿ ಅದನ್ನು ಆನ್ ಮಾಡಿ, ಇಂಟೆಲ್ ಡ್ರೈವರ್ ಹಾಕಿ, ರಿಸಾಲ್ವ್‌ನ ಡೀಕೋಡ್ ಆಯ್ಕೆಯಲ್ಲಿ ಇಂಟೆಲ್ ಟಿಕ್ ಮಾಡಿದೆ. ಬೆಂಗಳೂರಿನಲ್ಲಿ ಕಂಡದ್ದೇ ಇಲ್ಲೂ ಕಂಡಿತು. ಮನೆಯವಳನ್ನು ಕರೆದು ತೋರಿಸಿದೆ.

ಇನ್ನು ಬಿಸಿ. 253 ವ್ಯಾಟ್‌ನಲ್ಲಿ ಬಿಟ್ಟು ಸ್ಟ್ರೆಸ್ ಟೆಸ್ಟ್ ಹಾಕಿದರೆ, ಮೂರು ಫ್ಯಾನಿನ ಲಿಕ್ವಿಡ್ ಕೂಲರ್ ಇದ್ದೂ ತಾಪಮಾನ 100 ಡಿಗ್ರಿ ಹತ್ತಿರ ಹೋಯಿತು. ಅದೇ ಈ ಚಿಪ್ಪಿನ ಮಿತಿ. ಬಯೋಸ್‌ನಲ್ಲಿ ಪವರ್ ಲಿಮಿಟ್ ಎರಡನ್ನೂ (ಸ್ವಲ್ಪ ಹೊತ್ತಿನದು, ಹೆಚ್ಚು ಹೊತ್ತಿನದು) 180 ವ್ಯಾಟ್‌ಗೆ ಇಳಿಸಿದೆ. 80ರ ಆಸುಪಾಸಿಗೆ ಬಂತು. ನನ್ನ ಎಡಿಟಿಂಗ್‌ನಲ್ಲಿ ಏನೂ ಕಳೆದುಕೊಂಡ ಹಾಗೆ ಅನ್ನಿಸಲಿಲ್ಲ. ಯುಪಿಎಸ್ ಕೂಡ ಕೂಗುವುದು ನಿಂತಿತು.

ಹುಬ್ಬಳ್ಳಿ ಗೆಳೆಯ ತನ್ನ ರೈಜೆನ್ ಬದಲಿಸಲಿಲ್ಲ. ಅದರ ಜೊತೆಗೇ ಇಂಟೆಲ್‌ನ ಚಿಕ್ಕ ಕಾರ್ಡ್, ಆರ್ಕ್ ಎ380, ಎರಡನೇ ಸ್ಲಾಟ್‌ಗೆ ಹಾಕಿಕೊಂಡ. ಅದರಲ್ಲೂ ಕ್ವಿಕ್ ಸಿಂಕ್ ಇದೆ. ಅವನ ದಾರಿಯೂ ಚೆನ್ನಾಗಿದೆ. 2025ರಲ್ಲಿ ಬಂದ ಆರ್‌ಟಿಎಕ್ಸ್ 50 ಕಾರ್ಡ್‌ಗಳು 4:2:2 ಫೈಲನ್ನು ತಾವೇ ಬಿಡಿಸುತ್ತವೆ. ಆ ಕಾರ್ಡ್ ಇರುವವರು ಇವತ್ತು ಕೇಳಿದರೆ, ಕಡಿಮೆ ಬಿಸಿಯ ರೈಜೆನ್ ತಗೊಳ್ಳಿ ಅಂತಲೇ ಹೇಳುತ್ತೇನೆ. ಬ್ಲೆಂಡರ್‌ನಂಥ 3ಡಿ ಸಾಫ್ಟ್‌ವೇರ್ ಕೆಲಸದಲ್ಲಿ ಪ್ರೊಸೆಸರ್‌ನಿಂದಲೇ ಗಂಟೆಗಟ್ಟಲೆ ರೆಂಡರ್ ಮಾಡುವವರಿಗೂ ಅದೇ.

2024ರ ಸೆಪ್ಟೆಂಬರ್‌ನಲ್ಲಿ ಇಂಟೆಲ್ ಇನ್ನೊಂದು ಮೈಕ್ರೋಕೋಡ್ ಕೊಟ್ಟಿತು, 0ಎಕ್ಸ್12ಬಿ. ನನ್ನ ಬೋರ್ಡಿಗೆ ಅದು ಬಂದ ಕೂಡಲೇ ಹಾಕಿದೆ. ಅವತ್ತು ಸಂಜೆ ಫ್ಯಾನ್ ಸದ್ದು ಜೋರಾಯಿತು. ಬಯೋಸ್ ಅಪ್‌ಡೇಟ್ ನನ್ನ ಸೆಟ್ಟಿಂಗ್‌ಗಳನ್ನೆಲ್ಲ ಅಳಿಸಿ, ಮಿತಿಯನ್ನು ಮತ್ತೆ 253ಕ್ಕೆ ಏರಿಸಿತ್ತು, ಒಳಗಿನ ಗ್ರಾಫಿಕ್ಸನ್ನೂ ಆಫ್ ಮಾಡಿತ್ತು. ಎಲ್ಲ ಮತ್ತೆ ಹಾಕಿದೆ. ಆಮೇಲೆ ಒಂದು ಚೀಟಿಯಲ್ಲಿ "ಪವರ್ ಲಿಮಿಟ್ 180, 180; ಒಳಗಿನ ಗ್ರಾಫಿಕ್ಸ್ ಆನ್" ಅಂತ ಬರೆದು ಕ್ಯಾಬಿನೆಟ್ಟಿನ ಬಾಗಿಲ ಒಳಗೆ ಅಂಟಿಸಿದೆ.