ಕರ್ಜಿಕಾಯಿ ತಟ್ಟೆಯಲ್ಲಿ ಕರಪತ್ರ ಇಡಬೇಡಿ

ನಾನು ಇಟ್ಟಿದ್ದೆ, ಅದಕ್ಕೇ ಹೇಳುತ್ತಿದ್ದೇನೆ. ಒಂದು ಕ್ರಿಸ್ಮಸ್‌ಗೆ ಪಕ್ಕದ ಮನೆ ಆಂಟಿಗೆ ಕರ್ಜಿಕಾಯಿ, ಚಕ್ಕುಲಿ, ಕೇಕು ಜೋಡಿಸಿ ಕೊಟ್ಟೆ. ತಟ್ಟೆಗೆ ಹಾಸಿದ ಪೇಪರಿನ ಕೆಳಗೆ ಮೆಲ್ಲಗೆ ಯೇಸುವಿನ ಬಗ್ಗೆ ಒಂದು ಕರಪತ್ರ ತೂರಿಸಿದ್ದೆ. ಮರುದಿನ ತಟ್ಟೆ ವಾಪಸ್ ಬಂತು. ಖಾಲಿ ತಟ್ಟೆ ಕೊಡಬಾರದಲ್ಲ, ಒಂದು ಹಿಡಿ ಸಕ್ಕರೆ ಹಾಕಿದ್ದರು. ಪಕ್ಕದಲ್ಲಿ ನನ್ನ ಕರಪತ್ರ, ನೀಟಾಗಿ ಮಡಚಿ. "ಇದು ನಿಮ್ದು ಅನ್ಸುತ್ತೆ ಕಣಮ್ಮ, ತಟ್ಟೇಲೇ ಉಳ್ಕೊಂಡುಬಿಟ್ಟಿತ್ತು" ಅಂದರು. ಬೈದಿದ್ದರೂ ಅಷ್ಟು ನಾಚಿಕೆ ಆಗುತ್ತಿರಲಿಲ್ಲ.

ಹಬ್ಬದ ತಿಂಡಿ ಅಂತ ಕೊಟ್ಟು ಒಳಗೆ ಬೇರೆ ಲೆಕ್ಕ ಇಟ್ಟುಕೊಂಡಿದ್ದು ತಪ್ಪು. ತಿಂಡಿ ಕೊಡುವಾಗ ಬರೀ ತಿಂಡಿ ಕೊಡಿ. ಯೇಸುವಿನ ಬಗ್ಗೆ ಹೇಳಬೇಕು ಅನ್ನಿಸಿದರೆ "ಹೇಳಲಾ?" ಅಂತ ಎದುರಿಗೇ ಕೇಳಿ. ಬೇಡ ಅಂದರೆ ಅಲ್ಲಿಗೇ ಬಿಡಿ, ಮುಂದಿನ ವರ್ಷವೂ ತಟ್ಟೆ ಹೋಗಲಿ.

ಬೈಬಲಿನ 1 ಪೇತ್ರ 3:15 ನಮ್ಮ ಕ್ರೈಸ್ತರಲ್ಲಿ ಎಷ್ಟೋ ಜನಕ್ಕೆ ಬಾಯಿಪಾಠ. ನಿಮ್ಮ ನಿರೀಕ್ಷೆಗೆ ಕಾರಣ ಏನು ಅಂತ ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಅದೂ ಮೆತ್ತಗೆ, ಗೌರವದಿಂದ ಅನ್ನುತ್ತದೆ ಅದು. ನಾವು "ಸಿದ್ಧರಾಗಿರಿ" ಹಿಡಿದುಕೊಂಡು "ಕೇಳುವವರಿಗೆ" ಅನ್ನುವುದನ್ನು ಹಾರಿಸಿಬಿಡುತ್ತೇವೆ. ಕೇಳಿದವರಿಗೆ ಕೇಳಿದಷ್ಟು ಹೇಳಿ. ಭಾನುವಾರ ಬೆಳಗ್ಗೆ ಎಲ್ಲಿಗೆ ಹೊರಟಿರಿ ಅಂತ ಕೇಳಿದವರಿಗೆ ಬೈಬಲಿನ ಮೊದಲ ಪುಸ್ತಕ ಆದಿಕಾಂಡದಿಂದ ಶುರುಮಾಡಬೇಡಿ.

ಏನು ಹೇಳಬೇಕು ಅಂದರೆ, ನಿಮಗೆ ಆಗಿದ್ದನ್ನು. ಯೋಹಾನನ ಸುವಾರ್ತೆ 9ನೇ ಅಧ್ಯಾಯದಲ್ಲಿ ಯೇಸು ಕಣ್ಣು ಕೊಟ್ಟ ಕುರುಡ ನೆನಪಿದ್ದಾನಲ್ಲ? ಆ ಕಾಲದ ಕಟ್ಟಾ ಯೆಹೂದ್ಯ ಪಂಗಡದ ಫರಿಸಾಯರು ಅವನನ್ನು ಎಳೆದಾಡಿ, ಯೇಸು ಪಾಪಿಯೋ ಅಲ್ಲವೋ ಹೇಳು ಅಂತ ಪೀಡಿಸಿದಾಗ, ಅದೆಲ್ಲ ನನಗೆ ಗೊತ್ತಿಲ್ಲ, ಮೊದಲು ಕಾಣುತ್ತಿರಲಿಲ್ಲ, ಈಗ ಕಾಣುತ್ತಿದೆ, ಅಷ್ಟು ಗೊತ್ತು ಅಂದ. ಅಷ್ಟೇ ಸಾಕ್ಷಿ. ನಮಗೆ ಅಷ್ಟಕ್ಕೆ ಸಮಾಧಾನ ಇಲ್ಲ, ಹೇಳುತ್ತ ಹೇಳುತ್ತ ಉಪ್ಪು ಖಾರ ಸೇರಿಸುತ್ತೇವೆ. ಮಾತ್ರೆ ತಗೊಂಡು ಜ್ವರ ಬಿಟ್ಟಿದ್ದರೆ ಮಾತ್ರೆ ತಗೊಂಡಿದ್ದನ್ನೂ ಹೇಳಿ. ನಮ್ಮಪ್ಪನಿಗಾಗಿ ನಾವು ತಿಂಗಳುಗಟ್ಟಲೆ ಪ್ರಾರ್ಥನೆ ಮಾಡಿದೆವು, ಅಪ್ಪ ಉಳಿಯಲಿಲ್ಲ. ಯಾರಾದರೂ ಕೇಳಿದರೆ ಅದನ್ನೂ ಹೇಳುತ್ತೇನೆ, ಆಮೇಲೂ ಯಾಕೆ ಚರ್ಚಿಗೆ ಹೋಗುತ್ತೇನೆ ಅನ್ನುವುದನ್ನೂ ಹೇಳುತ್ತೇನೆ.

ಇನ್ನು ಭಾಷೆ. ಪಾಪದಿಂದ ಬಿಡುಗಡೆ ಅನ್ನುವ ಅರ್ಥದಲ್ಲಿ ನಾವು "ನೀವು ರಕ್ಷಣೆ ಹೊಂದಿದ್ದೀರಾ?" ಅಂದರೆ ಪಕ್ಕದ ಮನೆಯವರಿಗೆ ಪೊಲೀಸ್ ರಕ್ಷಣೆ ನೆನಪಾಗುತ್ತದೆ. "ನಾವೆಲ್ಲ ಪಾಪಿಗಳು" ಅನ್ನುವುದು ಸಭೆಯೊಳಗೆ ವಿನಯದ ಮಾತು, ಬೀದಿಯಲ್ಲಿ ಅದು ಬೈಗುಳ. ಪಾಪಿ ಚಿರಾಯು ಅಂತ ಗಾದೆಯೇ ಇದೆಯಲ್ವಾ! ಕಿಟೆಲ್ ಅವರು ಜರ್ಮನಿಯಿಂದ ಧರ್ಮ ಹೇಳಲು ಬಂದವರು. ಆದರೆ 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದಾಗ ಅದರ ತುಂಬ ನಮ್ಮ ಜನರ ಗಾದೆಗಳಿದ್ದವು. ಅಂದರೆ ಮನುಷ್ಯ ವರ್ಷಗಟ್ಟಲೆ ಕೂತು ಕೇಳಿಸಿಕೊಂಡಿದ್ದ. ನಾವು ಇಲ್ಲೇ ಹುಟ್ಟಿ, ಅಕ್ಕಪಕ್ಕದವರಿಗೆ ಅರ್ಥವಾಗದ ಚರ್ಚ್ ಕನ್ನಡ ಮಾತಾಡುತ್ತೇವೆ.

ಅವರ ದೇವರ ಬಗ್ಗೆ ಒಂದು ಮಾತೂ ಆಡಬೇಡಿ. ತಮಾಷೆಗೂ ಬೇಡ.

ಪ್ರಸಾದ ಕೊಟ್ಟರೆ? ತಗೊಳ್ಳಬಹುದು ಅನ್ನುವವರೂ ಇದ್ದಾರೆ, ಬಾರದು ಅನ್ನುವವರೂ ಇದ್ದಾರೆ. ಯೇಸುವಿನ ಅಪೊಸ್ತಲ ಪೌಲನ ಕಾಲದಲ್ಲೇ, ಕೊರಿಂಥ ಪಟ್ಟಣದ ಸಭೆಯಲ್ಲಿ, ವಿಗ್ರಹಕ್ಕೆ ಇಟ್ಟ ಊಟದ ಬಗ್ಗೆ ಈ ಜಗಳ ಇತ್ತು. ನಿಮ್ಮ ಮನಸ್ಸು ಒಪ್ಪದಿದ್ದರೆ "ಬೇಜಾರು ಮಾಡ್ಕೋಬೇಡಿ, ನಾನು ತಗೊಳಲ್ಲ" ಅಂತ ನಗುತ್ತ ಹೇಳಿಬಿಡಿ. ಕೈ ಚಾಚಿ ತಗೊಂಡು ಹಿತ್ತಲಲ್ಲಿ ಎಸೆಯುವುದು ಮಾತ್ರ ಬೇಡ.

"ನಿಮಗೆ ಎಷ್ಟು ದುಡ್ಡು ಕೊಟ್ರು?" ಈ ಪ್ರಶ್ನೆ ಬಂದೇ ಬರುತ್ತದೆ. ಸಿಟ್ಟಾಗಬೇಡಿ. ಕೊಡುವವರು ನಾವೇ, ದಶಮಾಂಶ ಅಂತ ಹತ್ತರಲ್ಲಿ ಒಂದು ಪಾಲು ಅಂದರೆ ಅವರೂ ನಗುತ್ತಾರೆ. "ನಿಮ್ಮಲ್ಲೂ ಜಾತಿ ಇದೆಯಲ್ಲ?" ಅಂದರೆ ನಗುವ ಹಾಗಿಲ್ಲ. ಇದೆ. ಮದುವೆ ಮಾತುಕತೆಯಲ್ಲಿ ಚೆನ್ನಾಗಿಯೇ ಇದೆ. ಒಪ್ಪಿಕೊಳ್ಳಿ. ಸಮಾರ್ಯದ ಹೆಂಗಸಿನ ಹತ್ತಿರ ಯೆಹೂದ್ಯನಾದ ಯೇಸು ಮೊದಲು ಕುಡಿಯಲು ನೀರು ಕೇಳಿದ. ಅವಳ ಜನರ ಜೊತೆ ಯೆಹೂದ್ಯರು ಹೊಕ್ಕುಬಳಕೆ ಇಟ್ಟುಕೊಳ್ಳುತ್ತಿರಲಿಲ್ಲ. ನಮ್ಮ ಊರುಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಯಾರ ಲೋಟದಲ್ಲಿ ಯಾರು ಕುಡಿಯುತ್ತಾರೆ ಅಂತ ಎಲ್ಲರಿಗೂ ಗೊತ್ತು. ನಾವು ಯಾರ ಮನೆಯ ನೀರು ಕುಡಿದಿದ್ದೇವೆ ಅನ್ನುವುದೂ ಊರಿಗೆ ಗೊತ್ತಿರುತ್ತದೆ.

ಕಾನೂನೂ ತಿಳಿದಿರಲಿ. ಸಂವಿಧಾನದ 25ನೇ ವಿಧಿ ಧರ್ಮ ಪ್ರಚಾರದ ಹಕ್ಕು ಕೊಡುತ್ತದೆ. ಇನ್ನೊಬ್ಬರನ್ನು ಮತಾಂತರ ಮಾಡುವುದು ಆ ಹಕ್ಕಿನಲ್ಲಿ ಸೇರಿಲ್ಲ ಅಂತ 1977ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. 2022ರಲ್ಲಿ ನಮ್ಮ ರಾಜ್ಯ ತಂದ ಕಾಯಿದೆ ಬಲವಂತ, ವಂಚನೆ, ಆಮಿಷದ ಮತಾಂತರವನ್ನು ಅಪರಾಧ ಅಂತು. ಉಡುಗೊರೆ, ಹಣ, ಕೆಲಸದ ಆಸೆ ಎಲ್ಲ ಅದರ ಪ್ರಕಾರ ಆಮಿಷವೇ. ಆ ಕಾಯಿದೆ ಬಗ್ಗೆ ನನಗೆ ಬೇಕಾದಷ್ಟು ತಕರಾರಿದೆ, ಅದು ಬೇರೆ ಮಾತು. ಆದರೆ ಅಕ್ಕಿ ಮೂಟೆ ತೋರಿಸಿ ದೇವರನ್ನು ಒಪ್ಪಿಸಬಾರದು ಅಂತ ನಮಗೆ ಕಾಯಿದೆ ಬಂದು ಹೇಳಬೇಕಿತ್ತಾ?

ಮಕ್ಕಳಿಗೆ ಅಪ್ಪ ಅಮ್ಮನಿಗೆ ಗೊತ್ತಿಲ್ಲದೆ ಏನೂ ಹೇಳಬೇಡಿ. ಆಸ್ಪತ್ರೆಯಲ್ಲಿ ಮಲಗಿದವರ ಮುಂದೆ ಪ್ರಸಂಗ ಬೇಡ, "ಪ್ರಾರ್ಥನೆ ಮಾಡಲಾ?" ಅಂತ ಕೇಳಿ, ಹೂಂ ಅಂದರೆ ಎರಡು ವಾಕ್ಯ. ಮಾತ್ರೆ ಬಿಡಿ ಅಂತ ಮಾತ್ರ ಯಾವತ್ತೂ ಹೇಳಬೇಡಿ. ಓದುತ್ತೇನೆ ಅಂತ ತಾವಾಗಿ ಕೇಳಿದವರಿಗೆ ಮಾರ್ಕನ ಸುವಾರ್ತೆ ಕೊಡಿ. 16 ಅಧ್ಯಾಯ, ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಕೊಟ್ಟ ಮೇಲೆ ದಿನಾ ಗೇಟಿನ ಹತ್ತಿರ ನಿಂತು "ಓದಿದ್ರಾ?" ಅನ್ನಬೇಡಿ.

ಕರಪತ್ರ ವಾಪಸ್ ಬಂದು ಮೂರು ವರ್ಷದ ಮೇಲೆ ಒಂದು ರಾತ್ರಿ ಅದೇ ಆಂಟಿ ಬಾಗಿಲು ತಟ್ಟಿದರು. ಬೆಳಗ್ಗೆ ಅಂಕಲ್‌ಗೆ ಹಾರ್ಟ್ ಆಪರೇಷನ್. "ನಿಮ್ಮ ದೇವ್ರ ಹತ್ರಾನೂ ಒಂದು ಮಾತು ಹೇಳ್ಬಿಡಮ್ಮ" ಅಂದರು. ಅಲ್ಲೇ ಹೊಸ್ತಿಲಲ್ಲಿ ನಿಂತು, ಡಾಕ್ಟರ ಕೈಗೆ ಬಲ ಕೊಡಪ್ಪ, ಆಂಟಿಗೆ ಧೈರ್ಯ ಕೊಡು ಅಂತ ಕೇಳಿಕೊಂಡೆ. ಆಮೆನ್ ಅಂದೆ, ಅವರು ಕಣ್ಣೊರೆಸಿಕೊಂಡು ಹೋದರು. ಆಂಟಿ ಇವತ್ತಿಗೂ ಮಂಗಳವಾರ ದೇವಿ ಗುಡಿ ತಪ್ಪಿಸುವುದಿಲ್ಲ. ಅಂಕಲ್ ಆರಾಮಾಗಿದ್ದಾರೆ, ಆದರೆ ಕರಿದಿದ್ದು ಮುಟ್ಟಬಾರದಂತೆ. ಹೋದ ಕ್ರಿಸ್ಮಸ್‌ಗೆ ತಟ್ಟೆಯಲ್ಲಿ ಕಿತ್ತಳೆಹಣ್ಣು ಇಟ್ಟು ಕಳಿಸಿದೆ.