ಲಿವರ್ (ಯಕೃತ್ತು) ಅನ್ನೋ ಒಂದು ಪದ ಹಿಡಿದು ಐದು ಭಾಷೆ: ನನ್ನ ಅನುಭವ

ಸ್ಪ್ಯಾನಿಶ್, ಪೋರ್ಚುಗೀಸ್, ಇಟಾಲಿಯನ್, ಫ್ರೆಂಚ್, ರೊಮೇನಿಯನ್ ಎಲ್ಲಾ ಲ್ಯಾಟಿನ್ನಿಂದ ಹುಟ್ಟಿದ್ದಲ್ವಾ, ಅದಕ್ಕೇ ಸ್ಪ್ಯಾನಿಶ್ ಬ್ಯಾಚಿಗೆ ಲ್ಯಾಟಿನ್ ತುರುಕ್ತೀನಿ ಅಂದಾಗ ಜೊತೆಗೆ ಪಾಠ ಮಾಡೋರು ನಕ್ಕಿದ್ರು, ಸತ್ತ ಭಾಷೆಗೆ ಫೀಸ್ ಯಾರ್ರೀ ಕೊಡ್ತಾರೆ ಅಂತ. ಅವರು ಅಂದಂಗೇ ಮೊದಲನೇ ಬ್ಯಾಚಲ್ಲಿ ಅರ್ಧ ಜನ ಬಿಟ್ಟುಹೋದ್ರು, ಹದಿನೈದು ಸಾವಿರದ ಹತ್ತಿರ ಫೀಸ್ ವಾಪಸ್ ಕೊಟ್ಟೆ, ಡಿಕ್ಷನರಿಗಳಿಗೆ ಸುರಿದಿದ್ದು ಬೇರೆ.

ಡಿಕ್ಷನರಿಯ ಲ್ಯಾಟಿನ್ನಿಂದ ಇವತ್ತಿನ ಭಾಷೆಗಳಿಗೆ ಇಳಿಯೋಕೆ ಹೋದ್ರೆ ಕೆಲಸ ಆಗಲ್ಲ. ಲಿವರಿಗೆ ಹಳೇ ಲ್ಯಾಟಿನ್ ಪದ 'ಯೆಕುರ್', ಅದನ್ನ ಹಿಡ್ಕೊಂಡು ಎಲ್ಲಿಗೂ ಹೋಗೋಕಾಗಲ್ಲ. ಅದಕ್ಕೇ ಉಲ್ಟಾ ಹೊರಟೆ. ಸ್ಪ್ಯಾನಿಶ್ 'ಈಗದೊ', ಬರೆಯೋವಾಗ ಮುಂದೆ ಒಂದು ಹ ಇದೆ, ಉಚ್ಚಾರ ಇಲ್ಲ. ಆ ಹ ತೆಗೆದು ಫ ಹಾಕಿ, ಗ ಇದ್ದಲ್ಲಿ ಕ, ದ ಇದ್ದಲ್ಲಿ ತ. 'ಫೀಕತೊ' ಬಂತಾ? ಫ ಹೋಗಿ ಹ ಆಗೋದು ನಮ್ಮೋರಿಗೆ ಹೇಳ್ಕೊಡಬೇಕಾಗೇ ಇಲ್ಲ, ಹಳಗನ್ನಡದ ಪಾಲು ಹಾಲಾಗಿದ್ದು ಗೊತ್ತಿದ್ರೆ ಸಾಕು, ಹತ್ತು ನಿಮಿಷದಲ್ಲಿ ಬ್ಯಾಚ್ ಪೂರ್ತಿ ಹಿಡ್ಕೊಳ್ತು. ಪಕ್ಕದಲ್ಲಿ ಪೋರ್ಚುಗೀಸ್ 'ಫೀಗದು', ರೊಮೇನಿಯನ್ 'ಫಿಕಾತ್' ಇಟ್ರೆ ಲ್ಯಾಟಿನ್ 'ಫಿಕಾತುಮ್' ತಾನಾಗೇ ಕಾಣುತ್ತೆ.

ಅದರರ್ಥ ಅಂಜೂರ ತುಂಬಿದ್ದು! 'ಫೀಕುಸ್' ಅಂದ್ರೆ ಅಂಜೂರ. ಗ್ರೀಕರು 'ಸೂಕೋನ್' ಅನ್ನೋ ಅಂಜೂರದಿಂದ 'ಸೂಕೋತೋನ್' ಅಂತಿದ್ರು, ರೋಮಿನೋರು ಅದೇ ಅಚ್ಚಿಗೆ ತಮ್ಮ ಪದ ಸುರಿದ್ರು. ಹೆಬ್ಬಾತಿಗೆ ಅಂಜೂರ ತಿನ್ನಿಸಿ ಲಿವರ್ ಬೆಳೆಸ್ತಿದ್ರು, ರೋಮಿನ ಹೊರಾಸ್ ಕವಿಯ ಊಟದ ವರ್ಣನೇಲೇ ಇದೆ. ಆಮೇಲೆ 'ಯೆಕುರ್' ಬಿದ್ದೋಗಿ ಅಂಜೂರವೇ ಲಿವರ್ ಆಗ್ಬಿಡ್ತು, ಮನುಷ್ಯರದ್ದಕ್ಕೂ ಸೇರಿ.

ನಾನು ತುಂಬಾ ದಿನ ಸಿಕ್ಕಾಕ್ಕೊಂಡಿದ್ದು ಇಟಾಲಿಯನ್ 'ಫೇಗತೊ' ಹತ್ರ. ಆ ಎ ಬರಬೇಕಂದ್ರೆ ಲ್ಯಾಟಿನ್ನಲ್ಲಿ ಹ್ರಸ್ವ ಇ ಇರಬೇಕು, ಸ್ಪ್ಯಾನಿಶ್‌ಗೆ ದೀರ್ಘ ಈ ಬೇಕು, ಇವೆರಡರಲ್ಲಿ ಒತ್ತಿ ಹೇಳೋದು ಪದದ ಮೊದಲನೇ ಭಾಗ, ರೊಮೇನಿಯನ್‌ನಲ್ಲಿ ನೋಡಿದ್ರೆ ಕೊನೇದು. ಅಂದ್ರೆ ಜನ ಒಂದೇ ಥರ ಅಂತಿರ್ಲಿಲ್ಲ, ಊರಿಗೊಂದು ರೂಪ. ಇದನ್ನ ಮುಚ್ಚಿಡದೆ ಬೋರ್ಡ್ ಮೇಲೆ ಬರೆದ ಮೇಲೇ ಪಾಠ ಕೂತಿದ್ದು. ಫ್ರೆಂಚ್ 'ಫ್ವಾ' ಮಾತ್ರ ಕೊನೆಗೆ ತೋರಿಸಿ, ಮೊದಲೇ ತೋರಿಸಿದ್ರೆ ಓಡೋಗ್ತಾರೆ. ಫ್ರೆಂಚಿಗೆ ನಾನು ಇಡೋ ಪದಗಳ ಸಾಲು ಇಲ್ಲಿ ಹೇಳಲ್ಲ, ಹೊಟ್ಟೆಪಾಡು ಸ್ವಾಮಿ.

ನಡುವೆ 'ತೆಸ್ತಾ' ಟ್ರೈ ಮಾಡಿದೆ: ಲ್ಯಾಟಿನ್ನಲ್ಲಿ ಮಡಕೆ, ಇಟಾಲಿಯನ್, ಫ್ರೆಂಚಲ್ಲಿ ತಲೆ. ಮಜಾ ಇದೆ, ಆದ್ರೆ ಸ್ಪ್ಯಾನಿಶ್ ತಲೆ 'ಕಬೇಸ', ಅದು ಲ್ಯಾಟಿನ್ನಲ್ಲಿ ತಲೆಗಿದ್ದ ಬೇರೆ ಪದ 'ಕಪುತ್' ಕಡೆಯದು, ಕೈ ಕೊಡ್ತು. ಲ್ಯಾಟಿನ್ 'ಫೋಕುಸ್' ವಾಸಿ, ಒಲೆ ಹೋಗಿ ಬೆಂಕಿ ಆದ ಪದ, ಸ್ಪ್ಯಾನಿಶ್ 'ಫ್ವೇಗೊ', ಇಟಾಲಿಯನ್ 'ಫ್ವೋಕೊ', ರೊಮೇನಿಯನ್ 'ಫೋಕ್' ಎಲ್ಲಾ ಸಾಲಾಗಿ ಕೂರುತ್ತೆ. ಈಗ ಬ್ಯಾಚಲ್ಲಿ ಇಪ್ಪತ್ತರ ಹತ್ರ ಜನ ಇದಾರೆ, ನಕ್ಕಿದ್ದೋರಲ್ಲಿ ಇಬ್ಬರು ನೋಟ್ಸ್ ಕೇಳಿದ್ರು, ದುಡ್ಡು ಈಸ್ಕೊಂಡೇ ಕೊಟ್ಟೆ.