ಇಯರ್‌ಫೋನಿನ ತಂತಿ, ಆರು ಚೌಕಗಳು

ಚಿತ್ರದ ಮೂಲೆಯಲ್ಲಿ ಕತೆ ಹೇಳುವ ವಿವರಣೆಯ ಪೆಟ್ಟಿಗೆಗಳಿಲ್ಲದೆ ಕನ್ನಡದಲ್ಲಿ ಗ್ರಾಫಿಕ್ ಕಾದಂಬರಿ, ಅಂದರೆ ಚಿತ್ರಗಳಲ್ಲೇ ಸಾಗುವ ಕಾದಂಬರಿ, ನಿಲ್ಲುವುದಿಲ್ಲ ಎಂದವರು ಒಬ್ಬಿಬ್ಬರಲ್ಲ. ನಾನು ಗೌರವಿಸುವ ಹಿರಿಯ ಚಿತ್ರಕಾರರೊಬ್ಬರು, ‘ಹುಡುಗರ ಮನಸ್ಸಿನಲ್ಲಿ ಏನಿದೆ ಎಂದು ನೀನು ಬರೆಯದಿದ್ದರೆ ಓದುವವರಿಗೆ ಹೇಗಪ್ಪ ಗೊತ್ತಾಗಬೇಕು?’ ಎಂದಿದ್ದರು. ನನ್ನ ಪುಸ್ತಕ ಈಗ ಮರುಮುದ್ರಣಕ್ಕೆ ಹೋಗುತ್ತಿದೆ. 144 ಪುಟಗಳಲ್ಲಿ ಅಂಥ ಪೆಟ್ಟಿಗೆ ಒಂದೂ ಇಲ್ಲ.

ಕತೆ 2007ರ ಬೆಂಗಳೂರಿನದು. ಹನುಮಂತನಗರದ ಇಬ್ಬರು ಪಿಯುಸಿ ಹುಡುಗರು, ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು, ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತಕ್ಕೆ ಮನಸೋತವರು. ಆ ವರ್ಷದ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ಎಂಬ ಬ್ರಿಟಿಷ್ ಮೆಟಲ್ ತಂಡದ ಕಾರ್ಯಕ್ರಮ ನಡೆಯಿತು. ಕತೆ ಅದರ ಆಚೀಚೆ ಸುತ್ತುತ್ತದೆ. ಕಪ್ಪು ಟೀ ಶರ್ಟು, ಉದ್ದ ಕೂದಲಿಗೆ ಮನೆಯಲ್ಲಿ ಬೈಗುಳ. ಮೆಟಲ್ ಗುಂಪಿನೊಳಗೆ ಹೋದರೆ ಇಂಗ್ಲಿಷ್ ಬಾರದವರೆಂಬ ತಾತ್ಸಾರ. ಒಬ್ಬ ಮೆಲ್ಲಗೆ ಆ ಗುಂಪಿನ ಬ್ಯಾಂಡಿಗೆ ಸೇರಿಕೊಳ್ಳುತ್ತಾನೆ, ಇನ್ನೊಬ್ಬ ಉಳಿದುಬಿಡುತ್ತಾನೆ. ಜಗಳವೇ ಆಗುವುದಿಲ್ಲ. ಆ ವಯಸ್ಸಿನ ಎಷ್ಟೋ ಸ್ನೇಹಗಳು ಜಗಳವಿಲ್ಲದೆಯೇ ಮುಗಿಯುತ್ತವೆ. ನನಗೆ ಬೇಕಾಗಿದ್ದದ್ದು ಅದೇ.

ಮೊದಲ ಕರಡಿನಲ್ಲಿ ಭಾವ ತೀವ್ರವಾದ ಕಡೆಯೆಲ್ಲ ಒಂದೊಂದು ಚಿತ್ರವನ್ನು ಸುತ್ತುವ ಚೌಕಗಳು ಓರೆಯಾಗಿದ್ದವು, ಇಡೀ ಪುಟದ ಚಿತ್ರಗಳೂ ಇದ್ದವು. ಐವತ್ತರ ಆಸುಪಾಸು ಪುಟಗಳಿಗೆ ಶಾಯಿ ಹಾಕಿಯಾದ ಮೇಲೆ ಅಷ್ಟನ್ನೂ ಬದಿಗಿಟ್ಟೆ. ಪುಟದ ವಿನ್ಯಾಸವೇ ಕುಣಿಯುತ್ತಿದ್ದರೆ ಪಾತ್ರಗಳು ಒಂದಿಂಚು ಸರಿದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ಇಡೀ ಪುಸ್ತಕವನ್ನು ಪುಟಕ್ಕೆ ಆರೇ ಚೌಕಗಳಿಗೆ ಕಟ್ಟಿಹಾಕಿದೆ. ಜೊತೆಗೆ ಅದೇ ಬಸ್ ನಿಲ್ದಾಣದ ಕಲ್ಲುಬೆಂಚು, ಅದೇ ಕೋನದಿಂದ, ಮತ್ತೆ ಮತ್ತೆ. ಮೊದಲ ಸಲ ಒಂದೇ ಇಯರ್‌ಫೋನು ಇಬ್ಬರ ಕಿವಿಯಲ್ಲಿದೆ. ತಂತಿ ಗಿಡ್ಡ, ಭುಜಕ್ಕೆ ಭುಜ ತಾಗಲೇಬೇಕು. ಮುಂದೊಮ್ಮೆ ಅದೇ ತಂತಿ ಬಿಗಿದು ನೇರ ಗೆರೆಯಾಗುತ್ತದೆ. ಇನ್ನೊಮ್ಮೆ ಅದರ ಒಂದು ತುದಿ ಒಬ್ಬನ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತದೆ. ಕೊನೆಯ ಸಲ ಇಬ್ಬರಿಗೂ ಅವರವರ ಫೋನು, ಅವರವರ ತಂತಿ. ಬೆಂಚು ಎರಡು ಚೌಕಗಳಿಗೆ ಚಾಚಿಕೊಂಡಿದೆ, ನಡುವಿನ ಬಿಳಿ ಸಂದಿನ ಆಚೆಗೊಬ್ಬ, ಈಚೆಗೊಬ್ಬ. ನನಗೆ ಬಂದ ಓದುಗರ ಪತ್ರಗಳಲ್ಲಿ ಹೆಚ್ಚಿನವು ಆ ಪುಟದ ಬಗ್ಗೆಯೇ. ಅಲ್ಲಿ ಒಂದಕ್ಷರವೂ ಇಲ್ಲ ಎಂಬುದು ನನ್ನ ಹೆಮ್ಮೆ. ಕಪ್ಪು ಅಂಗಿಯ ಮೇಲೆ ಆ ತೆಳ್ಳನೆಯ ತಂತಿ ಎದ್ದು ಕಾಣುವಂತೆ ಮಾಡಿದ್ದು ಹೇಗೆ ಎಂಬುದನ್ನು ಮಾತ್ರ ಇಲ್ಲಿ ಬಿಚ್ಚಿಡುವುದಿಲ್ಲ. ಮುಂದಿನ ಪುಸ್ತಕಕ್ಕೂ ಅದು ಬೇಕು.

ಮಾತಿರುವ ಕಡೆ ಮೊದಲು ಅಕ್ಷರ, ಆಮೇಲೆ ಪೆನ್ಸಿಲ್. ‘ಡಿಸ್ಟಾರ್ಷನ್’ (ಗಿಟಾರಿನ ಒಡಕು ದನಿ) ಎಂದು ಬರೆಯಿರಿ: ಕೆಳಗೆ ಒತ್ತು, ಪಕ್ಕದಲ್ಲಿ ಅರ್ಕಾವತ್ತು, ಮಾತಿನ ಗುಳ್ಳೆಯ ಅಗಲ ಅಲ್ಲಿಗೇ ಮುಗಿಯಿತು. ಒತ್ತಕ್ಷರಗಳು ಕೆಳಗಿನ ಸಾಲನ್ನು ತುಳಿಯದಿರಬೇಕಾದರೆ ನನ್ನ ಚೌಕದಲ್ಲಿ ಮೂರು ಸಾಲಿಗಿಂತ ಹೆಚ್ಚು ಹಿಡಿಸುವುದಿಲ್ಲ. ಹುಡುಗರು ಕಡಿಮೆ ಮಾತನಾಡುವುದಕ್ಕೆ ಅದೂ ಒಂದು ಕಾರಣ.

ನಡುವೆ ಎರಡನೆಯ ಬಣ್ಣದ ಹುಚ್ಚೂ ಹಿಡಿದಿತ್ತು. ಅಮೆರಿಕದ ಚಿತ್ರಕಾರ ಡೇನಿಯಲ್ ಕ್ಲೌಸ್ ಅವರ ಗ್ರಾಫಿಕ್ ಕಾದಂಬರಿ ‘ಘೋಸ್ಟ್ ವರ್ಲ್ಡ್’ನಲ್ಲಿಯೂ ಇಬ್ಬರು ಗೆಳತಿಯರು ದೂರವಾಗುತ್ತಾರೆ, ಕಪ್ಪಿನ ಜೊತೆ ಅಲ್ಲಿರುವುದು ನೀಲಿ ಹಸಿರಿನ ಒಂದು ತೆಳು ಛಾಯೆ ಮಾತ್ರ. ನಾನು ಸೋಡಿಯಂ ದೀಪದ ಹಳದಿಯನ್ನು ಹಾಕಿ ನೋಡಿದೆ, ಆಗಿನ ನಮ್ಮ ಬೀದಿಗಳ ರಾತ್ರಿಯ ಬಣ್ಣವೇ ಅದು. ಬಹಳ ಚೆನ್ನಾಗಿ ಬಂತು. ಎರಡನೆಯ ಬಣ್ಣಕ್ಕೆ ಬೇಕಾದ ಮುದ್ರಣ ಪ್ಲೇಟಿನ ಖರ್ಚು ಕೇಳಿ ಮುಖಪುಟಕ್ಕಷ್ಟೇ ಉಳಿಸಿಕೊಂಡೆ.

ದುಡ್ಡು ತಿಂದದ್ದು ಆ ಕಪ್ಪು ಅಂಗಿಗಳು. 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಕದ) ಮ್ಯಾಪ್‌ಲಿಥೊ ಕಾಗದ ಸಾಕು ಎಂದು ಮುದ್ರಣಾಲಯದವರು ಭರವಸೆ ಕೊಟ್ಟಿದ್ದರು. ಮೊದಲ ಫಾರಂ (ಒಂದೇ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳ ಕಂತೆ) ಬಂದಾಗ ಒಂದು ಬದಿಯ ಅಂಗಿ ಹಿಂಬದಿಯ ಮುಖದ ಮೇಲೆ ಕಾಣುತ್ತಿತ್ತು. ಕಾಗದವನ್ನು 100ಕ್ಕೆ ಏರಿಸಿದೆ, ಅಂಗಿಗಳ ಗಟ್ಟಿ ಕಪ್ಪನ್ನು ಒತ್ತೊತ್ತಾದ ಗೆರೆಗಳಿಗೆ ಬದಲಿಸಿದೆ. 300 ಪ್ರತಿಗೆ ನಲವತ್ತು ಸಾವಿರದ ಲೆಕ್ಕ ಐವತ್ತೈದರ ಹತ್ತಿರ ಬಂತು. ಬೆಲೆ 300 ರೂಪಾಯಿ ಇಟ್ಟೆ. ಅಂಗಡಿಗಳು ನೂರಕ್ಕೆ ನಲವತ್ತರಷ್ಟು ಹಿಡಿದುಕೊಂಡವು. ಅರ್ಧಕ್ಕಿಂತ ಹೆಚ್ಚು ಪ್ರತಿಗಳನ್ನು ನಾನೇ ಕೈಯಾರೆ ಮಾರಿದ್ದರಿಂದ ಅಸಲು ಬಂದು, ಅಂಚೆ ಖರ್ಚು ಕಳೆದು ಹದಿನೈದು ಸಾವಿರದಷ್ಟು ಉಳಿಯಿತು.

ಮರುಮುದ್ರಣ 500 ಪ್ರತಿ, ಬೇರೆ ಮುದ್ರಣಾಲಯ. ಮೊದಲ ಫಾರಮನ್ನು ನಾನು ಬೆಳಕಿಗೆ ಹಿಡಿದು ನೋಡಿ ಒಪ್ಪಿದ ಮೇಲೆಯೇ ಉಳಿದವನ್ನು ಹೊಡೆಯಬೇಕೆಂದು ಈ ಸಲ ಮುಂಗಡ ಕೊಡುವ ಮೊದಲೇ ಬರೆಸಿಕೊಂಡಿದ್ದೇನೆ.